ಹಗೇವೋ, ಕಣಜವೋ?

ಸಂಗ್ರಹಿಸುವುದು ಮನುಷ್ಯನಿಗೆ ಸಹಜವಾದ ಗುಣ. ಸಂಗ್ರಹಿಸಿದುದನ್ನು ಬೇಕಾದ ಹೊತ್ತಿಗೆ ಹುಡುಕಿ ತೆಗೆಯುವುದು ಅವನು ಬಹು ಪ್ರಯಾಸದಿಂದ ಕಲಿತ ವಿದ್ಯೆ. ನಮ್ಮ ನಾಡಿನ ಒಕ್ಕಲಿಗರು ಧಾನ್ಯವನ್ನು ಹಲವು ಬಗೆಯಲ್ಲಿ ಕಾಪಾಡುತ್ತಿದ್ದರು. ನೆಲದಲ್ಲಿ ಆಳವಾಗಿ ತೋಡಿದ ಹಗೇವಿಗೆ ಜೋಳವನ್ನೋ ರಾಗಿಯನ್ನೋ ತುಂಬಿ ಬಾಯಿಗೆ ಮಣ್ಣು ಮೆತ್ತಿಬಿಟ್ಟರೆ ಅದು ಬಹುಕಾಲ ಕೆಡದೆ ಉಳಿಯುತ್ತಿತ್ತು. ಆದರೆ ಒಂದು ಸೇರು ಕಾಳು ಬೇಕೆಂದರೂ ಮುಚ್ಚಿದ ಬಾಯನ್ನು ಒಡೆಯಬೇಕು, ಒಳಗಿನ ಕೆಟ್ಟ ಗಾಳಿ ಹೋಗುವವರೆಗೆ ಕಾಯಬೇಕು, ಆಮೇಲೆ ಒಳಗೆ ಇಳಿಯಬೇಕು. ಬುಡದಲ್ಲಿ ಕಿಂಡಿಯಿಟ್ಟ ಕಣಜವಾದರೋ ಮನೆಯ ಮೂಲೆಯಲ್ಲಿ ನಿಂತು, ಕೇಳಿದಾಗ ಕೇಳಿದಷ್ಟನ್ನು ಕೊಡುತ್ತಿತ್ತು.

ಧಾನ್ಯದ ಮಾತು ಹಾಗಿರಲಿ. ಈ ಲೇಖನದ ವಿಷಯ ಅಂಕಿಅಂಶಗಳ ಸಂಗ್ರಹ. ಜನಗಣತಿ, ಮಳೆಯ ಲೆಕ್ಕ, ಜಮೀನಿನ ಪಹಣಿ, ಆಸ್ಪತ್ರೆಯ ದಾಖಲೆ, ಪರೀಕ್ಷೆಯ ಫಲಿತಾಂಶ ಮೊದಲಾದುವೆಲ್ಲ ಇಂದು ಅಡ್ಡಸಾಲು ಕಂಬಸಾಲುಗಳ ಕೋಷ್ಟಕಗಳಾಗಿ ಗಣಕಯಂತ್ರಗಳನ್ನು ಸೇರುತ್ತಿವೆ. ಇವು ಬೆಳೆದಂತೆಲ್ಲ ಇವನ್ನು ಕುಗ್ಗಿಸಿ ಇಡುವುದು ಅನಿವಾರ್ಯವಾಗುತ್ತದೆ. ಕುಗ್ಗಿಸುವುದರಲ್ಲಿಯೂ ಹಗೇವಿನ ಮಾರ್ಗವೊಂದು, ಕಣಜದ ಮಾರ್ಗವೊಂದು ಇದೆ. ನಾವು ಬಹುಮಟ್ಟಿಗೆ ಹಗೇವಿನ ಮಾರ್ಗವನ್ನೇ ಹಿಡಿದಿದ್ದೇವೆಂಬುದೂ, ಸಾರ್ವಜನಿಕ ಅಂಕಿಅಂಶಗಳ ಮಟ್ಟಿಗಾದರೂ ಅದನ್ನು ಬಿಟ್ಟು ಕಣಜದ ಮಾರ್ಗಕ್ಕೆ ಬರಬೇಕೆಂಬುದೂ ನನ್ನ ಅಭಿಪ್ರಾಯ.

ಮೊದಲು, ಬರಹವನ್ನು ಕುಗ್ಗಿಸುವುದು ಹೇಗೆ ಸಾಧ್ಯವೆಂಬುದನ್ನು ನೋಡೋಣ. ಬರೆದಿಟ್ಟುದರಲ್ಲಿ ಪುನರುಕ್ತಿ ಇರುವುದರಿಂದಲೇ ಅದು ಕುಗ್ಗುತ್ತದೆ. ಎಷ್ಟರ ಮಟ್ಟಿಗೆ ಕುಗ್ಗಬಲ್ಲದು, ಎಲ್ಲಿಗೆ ನಿಲ್ಲಲೇಬೇಕು ಎಂಬುದಕ್ಕೆ ಗಣಿತದ ಮೇರೆಯನ್ನು ೧೯೪೮ರಲ್ಲಿ ಕ್ಲಾಡ್ ಶ್ಯಾನನ್ ಹಾಕಿಕೊಟ್ಟರು. ಹೆಚ್ಚಾಗಿ ಬರುವ ಅಕ್ಷರಕ್ಕೆ ಗಿಡ್ಡ ಸಂಕೇತ, ಅಪರೂಪದ್ದಕ್ಕೆ ಉದ್ದ ಸಂಕೇತ ಎಂಬ ನಿಯಮವನ್ನು ಅತ್ಯಂತ ಲಾಭದಾಯಕವಾಗಿ ಅನ್ವಯಿಸುವ ಬಗೆಯನ್ನು ೧೯೫೨ರಲ್ಲಿ ಡೇವಿಡ್ ಹಫ್‌ಮನ್ ತೋರಿಸಿದರು. ಮುಂದೆ ೧೯೭೭ ಮತ್ತು ೧೯೭೮ರಲ್ಲಿ ಅಬ್ರಹಾಂ ಲೆಂಪೆಲ್, ಯಾಕೋಬ್ ಝಿವ್ ಎಂಬ ಇಬ್ಬರು ಮತ್ತೊಂದು ಉಪಾಯವನ್ನು ಪ್ರಕಟಿಸಿದರು. ಹಿಂದೆ ಬಂದುದೇ ಮತ್ತೆ ಬಂದಾಗ ಅದನ್ನು ಪುನಃ ಬರೆಯದೆ, ‘ಇಷ್ಟು ದೂರ ಹಿಂದಕ್ಕೆ ಹೋಗು, ಅಲ್ಲಿಂದ ಇಷ್ಟನ್ನು ನಕಲು ಮಾಡಿಕೋ’ ಎಂಬ ಸೂಚನೆಯನ್ನಷ್ಟೇ ಬರೆಯುವುದು ಅದರ ಸಾರ. ನಾವೆಲ್ಲರೂ ಬಳಸುವ ಜಿಪ್ ಕಡತಗಳು ಈ ವಂಶಕ್ಕೆ ಸೇರಿದವು.

ಉಪಾಯವೇನೋ ಸೊಗಸಾದುದು. ಆದರೆ ಇದರಲ್ಲಿರುವ ತೊಡಕನ್ನೂ ಗಮನಿಸಬೇಕು. ಕಡತದ ನಡುವಿನ ಒಂದು ಸಾಲನ್ನು ಓದಬೇಕಾದರೆ ಅದು ಹಿಂದಿನ ಒಂದು ಭಾಗವನ್ನು ಬೆರಳು ಮಾಡಿ ತೋರಿಸುತ್ತದೆ. ಆ ಭಾಗ ತನಗಿಂತ ಹಿಂದಿನ ಇನ್ನೊಂದನ್ನು ತೋರಿಸುತ್ತದೆ. ಹೀಗೆ ಹೋಗಿ ಹೋಗಿ ಕಡತದ ಆರಂಭಕ್ಕೇ ಬಂದು, ಅಲ್ಲಿಂದ ಎಲ್ಲವನ್ನೂ ಬಿಡಿಸಿಕೊಂಡು ಬರಬೇಕಾಗುತ್ತದೆ. ಒಂದು ಸೇರು ಕಾಳಿಗಾಗಿ ಇಡೀ ಹಗೇವನ್ನು ತೆರೆದಂತಾಯಿತು.

ಬೇಗ ಹುಡುಕಬೇಕಾದರೆ ಸೂಚಿಯೊಂದನ್ನು ಸೇರಿಸಬೇಕು, ಪುಸ್ತಕದ ಕೊನೆಗೆ ಅಕಾರಾದಿಯನ್ನು ಸೇರಿಸಿದಂತೆ. ಅದರಿಂದ ಪುಟಗಳು ಹೆಚ್ಚುತ್ತವೆಯೇ ಹೊರತು ಕಡಮೆಯಾಗುವುದಿಲ್ಲ. ಆದುದರಿಂದ ಚಿಕ್ಕದಾಗಿಸುವುದೂ ಹುಡುಕಲು ಸುಲಭವಾಗಿಸುವುದೂ ಪರಸ್ಪರ ವಿರುದ್ಧವಾದ ಗುರಿಗಳು, ಒಂದನ್ನು ಪಡೆಯಲು ಇನ್ನೊಂದನ್ನು ಬಿಡಬೇಕು ಎಂಬ ಭಾವನೆ ಬಹುಕಾಲ ಇದ್ದಿತು. ಈಗಲೂ ಅನೇಕರಲ್ಲಿ ಇದೆ. ಈ ಭಾವನೆ ಸರಿಯಲ್ಲ. ಬರಹವನ್ನು ಕುಗ್ಗಿಸುವುದೂ ಕ್ರಮವೇ, ಹುಡುಕಾಟವನ್ನು ಸುಲಭಮಾಡುವುದೂ ಕ್ರಮವೇ. ಕ್ರಮವನ್ನು ಬಲ್ಲವನಿಗೆ ಎರಡು ಲಾಭಗಳೂ ಒಂದೇ ಕೆಲಸದಿಂದ ಸಿಗುತ್ತವೆ.

ಇದನ್ನು ಒಂದು ಉದಾಹರಣೆಯಿಂದ ವಿಶದಪಡಿಸುವೆನು. ೨೦೧೧ರ ಜನಗಣತಿಯಲ್ಲಿ ಕರ್ನಾಟಕದ ಜನಸಂಖ್ಯೆ ೬,೧೦,೯೫,೨೯೭. ಆಗ ಇದ್ದ ಜಿಲ್ಲೆಗಳು ೩೦. ಒಬ್ಬೊಬ್ಬ ವ್ಯಕ್ತಿಗೂ ಒಂದು ಅಡ್ಡಸಾಲಿನಂತೆ ಆರು ಕೋಟಿಗೂ ಮಿಕ್ಕಿದ ಸಾಲುಗಳ ಕೋಷ್ಟಕವೊಂದು ಇದೆಯೆಂದೂ, ಅದರಲ್ಲಿ ಜಿಲ್ಲೆ, ವಯಸ್ಸು, ಅಕ್ಷರಜ್ಞಾನ ಎಂಬ ಕಂಬಸಾಲುಗಳು ಇವೆಯೆಂದೂ ಊಹಿಸಿಕೊಳ್ಳೋಣ. ಊಹಿಸಿಕೊಳ್ಳೋಣ ಎಂದುದಕ್ಕೆ ಕಾರಣವುಂಟು: ೧೯೪೮ರ ಜನಗಣತಿ ಕಾಯಿದೆಯಂತೆ ವ್ಯಕ್ತಿಗಳ ವಿವರಗಳು ಗೋಪ್ಯವಾದುವು, ಒಟ್ಟು ಲೆಕ್ಕಗಳು ಮಾತ್ರ ಪ್ರಕಟವಾಗುತ್ತವೆ.

ಗಣಕಯಂತ್ರದಲ್ಲಿ ಒಂದು ಅಥವಾ ಸೊನ್ನೆ ಎಂಬ ಒಂದು ಗುರುತಿಗೆ ಬಿಟ್ ಎಂದೂ, ಎಂಟು ಬಿಟ್‌ಗಳ ಗುಂಪಿಗೆ ಬೈಟ್ ಎಂದೂ ಹೆಸರು. ಯೂನಿಕೋಡ್‌ನ ಬಹುಬಳಕೆಯ ಯುಟಿಎಫ್-೮ ಬರಹದಲ್ಲಿ ಒಂದೊಂದು ಕನ್ನಡ ಸಂಕೇತವೂ ೩ ಬೈಟ್‌ಗಳನ್ನು ಹಿಡಿಯುತ್ತದೆ. ‘ಉತ್ತರ ಕನ್ನಡ’ ಎಂಬ ಹೆಸರಿನಲ್ಲಿ ಒತ್ತಕ್ಷರದ ಚಿಹ್ನೆಗಳೂ ಸೇರಿ ಹತ್ತು ಸಂಕೇತಗಳು. ನಡುವಣ ತೆರಪಿಗೆ ಒಂದು ಬೈಟ್. ಒಟ್ಟು ೩೧ ಬೈಟ್, ಎಂದರೆ ೨೪೮ ಬಿಟ್. ಆ ಜಿಲ್ಲೆಯ ಜನಸಂಖ್ಯೆ ೨೦೧೧ರಲ್ಲಿ ೧೪,೩೭,೧೬೯. ಒಬ್ಬೊಬ್ಬರ ಸಾಲಿನಲ್ಲಿಯೂ ಜಿಲ್ಲೆಯ ಹೆಸರನ್ನು ಬರೆಯುತ್ತ ಹೋದರೆ ಈ ಒಂದು ಹೆಸರಿಗೇ ನಾಲ್ಕು ಕೋಟಿ ೪೫ ಲಕ್ಷ ಬೈಟ್‌ಗಳು ವ್ಯಯವಾಗುತ್ತವೆ.

ಈಗ ಮೊದಲನೆಯ ಸುಧಾರಣೆಯನ್ನು ಮಾಡೋಣ. ಜಿಲ್ಲೆಗಳ ಹೆಸರುಗಳನ್ನು ಒಂದು ಪಟ್ಟಿಯಲ್ಲಿ ಒಂದೇ ಸಲ ಬರೆದು, ಕೋಷ್ಟಕದಲ್ಲಿ ಪಟ್ಟಿಯ ಕ್ರಮಾಂಕವನ್ನು ಮಾತ್ರ ಹಾಕುವುದು. ಐದು ಬಿಟ್‌ಗಳಿಂದ ೩೨ ಕ್ರಮಾಂಕಗಳನ್ನು ಬರೆಯಬಹುದಾದುದರಿಂದ ೩೦ ಜಿಲ್ಲೆಗಳಿಗೆ ಐದು ಬಿಟ್ ಸಾಕು. ೨೦೨೧ರಲ್ಲಿ ಸೇರಿದ ವಿಜಯನಗರ ಜಿಲ್ಲೆಗೂ ಅದರಲ್ಲಿ ಸ್ಥಳವಿದೆ. ಉತ್ತರ ಕನ್ನಡದ ಹೆಸರು ಈಗ ಮೊದಲಿನ ಗಾತ್ರದ ಸುಮಾರು ಐವತ್ತನೆಯ ಒಂದು ಪಾಲಿಗೆ ಇಳಿಯಿತು. ಇನ್ನೊಂದು ಅನುಕೂಲವನ್ನೂ ನೋಡಿರಿ. ೨೦೧೪ರಲ್ಲಿ ಗುಲ್ಬರ್ಗ ಜಿಲ್ಲೆಯ ಹೆಸರು ಕಲಬುರಗಿ ಎಂದಾಯಿತು. ಹೆಸರನ್ನೇ ಬರೆದಿಟ್ಟಿದ್ದ ಕೋಷ್ಟಕದಲ್ಲಿ ೨೫ ಲಕ್ಷಕ್ಕೂ ಹೆಚ್ಚು ಕಡೆಗಳಲ್ಲಿ ತಿದ್ದಬೇಕಾಗಿದ್ದುದು ಈಗ ಪಟ್ಟಿಯ ಒಂದೇ ಕಡೆ ತಿದ್ದಿದರೆ ಮುಗಿಯಿತು.

ಎರಡನೆಯದು ಸಾಲುಗಳನ್ನು ಜಿಲ್ಲೆಯ ಕ್ರಮದಲ್ಲಿ ಜೋಡಿಸುವುದು. ಆಗ ಒಂದೇ ಕ್ರಮಾಂಕ ಲಕ್ಷಾಂತರ ಸಲ ಒಂದರ ಕೆಳಗೊಂದು ಬರುತ್ತದೆ. ಅದನ್ನು ಲಕ್ಷಾಂತರ ಸಲ ಬರೆಯುವುದೇಕೆ? ‘ಈ ಜಿಲ್ಲೆ, ಇಂತಹ ಸಾಲಿನಿಂದ ಆರಂಭ, ಇಷ್ಟು ಸಾಲು’ ಎಂದು ಒಮ್ಮೆ ಬರೆದರೆ ಸಾಕು. ಆರು ಕೋಟಿ ಸಾಲುಗಳ ಕಂಬಸಾಲು ಮೂವತ್ತು ಸಾಲುಗಳಿಗೆ ಇಳಿಯಿತು! ಈಗ ‘ಉತ್ತರ ಕನ್ನಡದಲ್ಲಿ ಎಷ್ಟು ಜನ?’ ಎಂದು ಕೇಳಿರಿ. ಎಣಿಸುವ ಕೆಲಸವೇ ಇಲ್ಲ. ಉತ್ತರ ಅಲ್ಲಿ ಬರೆದೇ ಇದೆ. ಕುಗ್ಗಿಸುವುದಕ್ಕಾಗಿ ನಾವು ಬರೆದ ಸಂಖ್ಯೆಯೇ ಪ್ರಶ್ನೆಗೆ ಉತ್ತರವೂ ಆಯಿತು. ಈ ಲೇಖನದ ತಿರುಳು ಇಷ್ಟೇ.

ಮೂರನೆಯದು ಇನ್ನೂ ಸ್ವಾರಸ್ಯವಾದುದು. ಅಕ್ಷರಜ್ಞಾನದ ಕಂಬಸಾಲಿನಲ್ಲಿ ಬಲ್ಲವರಿಗೆ ಒಂದು, ಅರಿಯದವರಿಗೆ ಸೊನ್ನೆ. ಒಬ್ಬರಿಗೆ ಒಂದು ಬಿಟ್. ಇಡೀ ರಾಜ್ಯಕ್ಕೆ ಸುಮಾರು ೭೬ ಲಕ್ಷ ಬೈಟ್. ಇಲ್ಲಿ ಒಂದು ಸೊನ್ನೆಗಳು ಬೆರೆತು ಬರುವುದರಿಂದ ಹಿಂದಿನ ಉಪಾಯ ನಡೆಯದು. ಹಾಗಾದರೆ ಉತ್ತರ ಕನ್ನಡದ ಅಕ್ಷರಸ್ಥರ ಸಂಖ್ಯೆಯನ್ನು ತಿಳಿಯಲು ಹದಿನಾಲ್ಕು ಲಕ್ಷ ಬಿಟ್‌ಗಳನ್ನು ಎಣಿಸಬೇಕೆ? ಬೇಕಾಗಿಲ್ಲ. ಹೆದ್ದಾರಿಯಲ್ಲಿ ಮೈಲಿಗಲ್ಲುಗಳನ್ನು ನೆಡುವುದಿಲ್ಲವೇ? ಅಂತೆಯೇ ಪ್ರತಿ ೫೧೨ ಬಿಟ್‌ಗಳಿಗೆ ಒಂದರಂತೆ, ‘ಇಲ್ಲಿಯವರೆಗೆ ಬಂದ ಒಂದುಗಳ ಸಂಖ್ಯೆ ಇಷ್ಟು’ ಎಂದು ೩೨ ಬಿಟ್‌ಗಳ ಕಲ್ಲೊಂದನ್ನು ನೆಡೋಣ. ಇದರಿಂದ ಗಾತ್ರ ಹೆಚ್ಚುವುದು ನೂರಕ್ಕೆ ಆರೂಕಾಲರಷ್ಟು ಮಾತ್ರ. ಜಿಲ್ಲೆ ಎಲ್ಲಿ ಆರಂಭವಾಗಿ ಎಲ್ಲಿ ಮುಗಿಯುತ್ತದೆಂಬುದು ಜಿಲ್ಲೆಯ ಪಟ್ಟಿಯಿಂದ ಈಗಾಗಲೇ ಗೊತ್ತು. ಎರಡು ತುದಿಗಳಲ್ಲಿಯೂ ಹತ್ತಿರದ ಕಲ್ಲನ್ನು ಓದಿ, ಅಲ್ಲಿಂದ ಮುಂದಿನ ಕೆಲವು ಬಿಟ್‌ಗಳನ್ನು ಎಣಿಸಿ, ಒಂದರಿಂದ ಇನ್ನೊಂದನ್ನು ಕಳೆದರೆ ಉತ್ತರ ಬರುತ್ತದೆ. ೬೪ ಬಿಟ್‌ಗಳಲ್ಲಿ ಎಷ್ಟು ಒಂದುಗಳಿವೆಯೆಂಬುದನ್ನು ಇಂದಿನ ಸಾಮಾನ್ಯ ಗಣಕಯಂತ್ರಗಳು ಒಂದೇ ಆಜ್ಞೆಯಿಂದ ಹೇಳಬಲ್ಲವು. ಆದುದರಿಂದ ಒಂದೊಂದು ತುದಿಗೆ ಹೆಚ್ಚೆಂದರೆ ಎಂಟು ಸಲ ಎಣಿಸಿದರೆ ಮುಗಿಯಿತು. ಜಿಲ್ಲೆಯಲ್ಲಿ ಹದಿನಾಲ್ಕು ಲಕ್ಷ ಜನರಿದ್ದರೂ ಒಂದೇ, ನಲವತ್ತು ಲಕ್ಷ ಜನರಿದ್ದರೂ ಒಂದೇ, ಶ್ರಮ ಬೆಳೆಯದು.

ಈ ಉಪಾಯಗಳು ಒಬ್ಬರ ಸೃಷ್ಟಿಯಲ್ಲ. ಬಿಟ್‌ಗಳ ಸಾಲಿನ ಪಕ್ಕದಲ್ಲಿ ಅತ್ಯಲ್ಪವಾದ ಲೆಕ್ಕವನ್ನು ಇಟ್ಟುಕೊಂಡು ಇಂತಹ ಪ್ರಶ್ನೆಗಳಿಗೆ ಉತ್ತರ ಕೊಡಬಹುದೆಂಬುದನ್ನು ೧೯೮೯ರಲ್ಲಿ ಗೈ ಜೇಕಬ್‌ಸನ್ ಶಾಸ್ತ್ರೀಯವಾಗಿ ಪ್ರತಿಪಾದಿಸಿದರು. ಕೋಷ್ಟಕವನ್ನು ಅಡ್ಡಸಾಲಿಗೆ ಬದಲಾಗಿ ಕಂಬಸಾಲಿನಂತೆ ಬರೆದಿಡುವ ಸಿ-ಸ್ಟೋರ್ ಎಂಬ ವ್ಯವಸ್ಥೆಯನ್ನು ಮೈಕೆಲ್ ಸ್ಟೋನ್‌ಬ್ರೇಕರ್ ಮತ್ತು ಸಂಗಡಿಗರು ೨೦೦೫ರಲ್ಲಿ ವಿವರಿಸಿದರು. ಕುಗ್ಗಿಸಿದ ಕಂಬಸಾಲುಗಳನ್ನು ಬಿಡಿಸದೆಯೇ ಅವುಗಳ ಮೇಲೆ ಲೆಕ್ಕ ಮಾಡುವ ರೀತಿಯನ್ನು ಮರುವರ್ಷ ಡೇನಿಯಲ್ ಅಬಾದಿ, ಸ್ಯಾಮ್ಯುಯೆಲ್ ಮ್ಯಾಡನ್, ಮಿಗೆಲ್ ಫೆರೈರಾ ತೋರಿಸಿಕೊಟ್ಟರು. ೨೦೧೩ರಲ್ಲಿ ಹೊರಬಂದ ಪಾರ್ಕೆಟ್ ಎಂಬ ಕಡತದ ಮಾದರಿ ಈ ಬಗೆಯ ಕಂಬಸಾಲುಗಳನ್ನು ಯಾರು ಬೇಕಾದರೂ ಉಚಿತವಾಗಿ ಬಳಸುವಂತೆ ಮಾಡಿತು.

ಕೋಷ್ಟಕದಲ್ಲಿ ಕ್ರಮ ಮೊದಲೇ ಇರುತ್ತದೆ. ಕ್ರಮವೇ ಕಾಣದ ಬರಹದಲ್ಲಿ ಇದು ಸಾಧ್ಯವೆ ಎಂದು ಯಾರಾದರೂ ಕೇಳಬಹುದು. ಅದಕ್ಕೆ ನಮ್ಮ ದೇಹದೊಳಗಿನ ಬರಹವೇ ಉತ್ತರ. ಮನುಷ್ಯನ ವಂಶವಾಹಿ ದ್ರವ್ಯದಲ್ಲಿ ನಾಲ್ಕೇ ಅಕ್ಷರಗಳಿಂದ ಬರೆದ ಸುಮಾರು ೩೦೦ ಕೋಟಿ ಅಕ್ಷರಗಳ ಸಾಲೊಂದಿದೆ. ಪ್ರಯೋಗಶಾಲೆಯಲ್ಲಿ ದೊರೆತ ನೂರು ಅಕ್ಷರಗಳ ತುಣುಕೊಂದು ಅದರಲ್ಲಿ ಎಲ್ಲಿದೆಯೆಂದು ಹುಡುಕಬೇಕು. ಪ್ರತಿಯೊಂದು ಸ್ಥಾನವನ್ನೂ ಅಕಾರಾದಿಯಾಗಿ ಜೋಡಿಸಿದ ಸೂಚಿಯನ್ನು ಮಾಡಿದರೆ, ಸ್ಥಾನಕ್ಕೆ ೪ ಬೈಟ್‌ನಂತೆ, ಸೂಚಿಗೇ ೧೨ ಗಿಗಾಬೈಟ್ ಬೇಕು. ಮೈಕೆಲ್ ಬರೋಸ್ ಮತ್ತು ಡೇವಿಡ್ ವೀಲರ್ ೧೯೯೪ರಲ್ಲಿ, ಅಕ್ಷರಗಳನ್ನು ಸ್ಥಳಾಂತರಿಸಿ ಸಮಾನವಾದುವು ಒಟ್ಟೊಟ್ಟಿಗೆ ಬರುವಂತೆಯೂ, ಮತ್ತೆ ಮೂಲವನ್ನು ಪಡೆಯಬಹುದಾದಂತೆಯೂ ಮಾಡುವ ಒಂದು ವಿಧಾನವನ್ನು ಪ್ರಕಟಿಸಿದ್ದರು; ಅವರ ಉದ್ದೇಶ ಬರಹವನ್ನು ಕುಗ್ಗಿಸುವುದು. ಅದೇ ಕುಗ್ಗಿದ ರೂಪದಲ್ಲಿ ಹುಡುಕಲೂ ಸಾಧ್ಯವೆಂಬುದನ್ನು ೨೦೦೦ದಲ್ಲಿ ಇಟಲಿಯ ಪಾವೊಲೊ ಫೆರಾಜಿನಾ ಮತ್ತು ಜೊವಾನಿ ಮಂಜೀನಿ ತೋರಿಸಿದರು. ತುಣುಕಿನ ಕೊನೆಯ ಅಕ್ಷರದಿಂದ ಮೊದಲಿನದರ ಕಡೆಗೆ ಒಂದೊಂದೇ ಹೆಜ್ಜೆ ಹಾಕಬೇಕು. ಒಂದೊಂದು ಹೆಜ್ಜೆಗೂ ಕೇಳುವ ಪ್ರಶ್ನೆ, ‘ಇಲ್ಲಿಯವರೆಗೆ ಈ ಅಕ್ಷರ ಎಷ್ಟು ಸಲ ಬಂದಿದೆ?’ ಎಂಬುದು. ನಾವು ಮೈಲಿಗಲ್ಲುಗಳನ್ನು ನೆಟ್ಟದ್ದು ಇಂತಹ ಪ್ರಶ್ನೆಗೇ ಅಲ್ಲವೆ? ನೂರು ಅಕ್ಷರಗಳ ತುಣುಕು ಎಷ್ಟು ಸಲ ಬಂದಿದೆಯೆಂದು ತಿಳಿಯಲು ನೂರು ಹೆಜ್ಜೆ ಸಾಕು. ಈ ತತ್ತ್ವವನ್ನೇ ಆಶ್ರಯಿಸಿ ೨೦೦೯ರಲ್ಲಿ ಸಿದ್ಧವಾದ ಬೋಟೈ ಎಂಬ ಕ್ರಮವಿಧಿ, ಮಾನವನ ವಂಶವಾಹಿಯ ಹುಡುಕಾಟವನ್ನು ಸುಮಾರು ೧.೩ ಗಿಗಾಬೈಟ್ ಸ್ಮೃತಿಯಲ್ಲಿ ನಡೆಸಿತು. ದೊಡ್ಡ ಯಂತ್ರಗಳ ಪಾಲಾಗಿದ್ದ ಕೆಲಸ ಮೇಜಿನ ಮೇಲಿನ ಸಾಧಾರಣ ಯಂತ್ರಕ್ಕೆ ಇಳಿದುಬಂದಿತು.

ಇದಕ್ಕೆ ಆಕ್ಷೇಪಗಳಿಲ್ಲವೆಂದು ಹೇಳಲಾರೆ. ಒಂದು ಕ್ರಮ ಎಲ್ಲ ಪ್ರಶ್ನೆಗಳಿಗೂ ಅನುಕೂಲಿಸುವುದಿಲ್ಲ ಎಂಬುದು ಮೊದಲನೆಯದು. ಜಿಲ್ಲೆಯಂತೆ ಜೋಡಿಸಿದ ಕೋಷ್ಟಕದಲ್ಲಿ ‘ಎಂಬತ್ತು ದಾಟಿದವರು ಎಷ್ಟು ಜನ?’ ಎಂದು ಕೇಳಿದರೆ ವಯಸ್ಸಿನ ಕಂಬಸಾಲನ್ನು ಮೊದಲಿನಿಂದ ಕೊನೆಯವರೆಗೆ ಓದಲೇಬೇಕು. ಏಕೆಂದರೆ ಕೂಸುಗಳೂ ಮುದುಕರೂ ಎಲ್ಲ ಊರುಗಳಲ್ಲಿಯೂ ಇರುತ್ತಾರೆ. ಮಾತು ನಿಜ. ಆದರೂ ವಯಸ್ಸಿಗೆ ೭ ಬಿಟ್‌ನಂತೆ ಆ ಕಂಬಸಾಲು ಐದೂವರೆ ಕೋಟಿ ಬೈಟ್‌ಗಳನ್ನು ಮೀರುವುದಿಲ್ಲ. ಉಳಿದ ಕಂಬಸಾಲುಗಳನ್ನು ಮುಟ್ಟಬೇಕಾಗಿಯೂ ಇಲ್ಲ. ಸಾಲುಗಳ ನಡುವೆ ಹೊಸದನ್ನು ಸೇರಿಸಿದರೆ ಮುಂದಿನ ಮೈಲಿಗಲ್ಲುಗಳನ್ನೆಲ್ಲ ತಿದ್ದಬೇಕಾಗುತ್ತದೆ ಎಂಬುದು ಎರಡನೆಯ ಆಕ್ಷೇಪ. ಇದೂ ನಿಜ. ಕ್ಷಣಕ್ಷಣಕ್ಕೂ ಬದಲಾಗುವ ಬ್ಯಾಂಕಿನ ಖಾತೆಗೆ ಈ ಏರ್ಪಾಡು ತಕ್ಕುದಲ್ಲ. ಒಮ್ಮೆ ಬರೆದು ಸಾವಿರ ಸಲ ಕೇಳುವ ದಾಖಲೆಗಳಿಗೆ ಮಾತ್ರ ತಕ್ಕುದು, ಜನಗಣತಿಯಾದರೋ ಅಂತಹುದೇ. ಇನ್ನು ಯಾರೂ ಎಂದೂ ಕೇಳದ ಹಳೆಯ ಕಡತಗಳನ್ನು ಹಗೇವಿನಲ್ಲಿ ಹೂಳಿಟ್ಟರೆ ನಷ್ಟವಿಲ್ಲ.

ಸ್ಮೃತಿ ಈಗ ಅಗ್ಗವಾಗಿದೆ, ಈ ಮಿತವ್ಯಯವೇಕೆ ಎನ್ನುವವರೂ ಇದ್ದಾರೆ. ಇಟ್ಟುಕೊಳ್ಳುವುದು ಅಗ್ಗವಾಗಿರಬಹುದು; ಸಾಗಿಸುವುದು ಹಾಗಲ್ಲ. ತಟ್ಟೆಯಿಂದ ಯಂತ್ರದ ಹೃದಯಕ್ಕೆ, ದೂರದ ಊರಿನಿಂದ ವಿದ್ಯಾರ್ಥಿಯ ದೂರವಾಣಿಗೆ ಅಂಕಿಗಳನ್ನು ಹೊತ್ತು ತರುವಾಗ ಕಾಲವೂ ವಿದ್ಯುತ್ತೂ ಹಣವೂ ಖರ್ಚಾಗುತ್ತವೆ. ಪ್ರಶ್ನೆ ಒಂದು ಹಿಡಿಯಷ್ಟಿರುವಾಗ ಗಾಡಿಯಷ್ಟನ್ನು ತರಿಸಿಕೊಳ್ಳುವುದು ಯಾವ ಕಾಲಕ್ಕೂ ವಿವೇಕವಲ್ಲ.

ಇಲ್ಲಿ ಪ್ರಶ್ನೆ ಯಂತ್ರದ ಅನುಕೂಲದ್ದು ಮಾತ್ರವಲ್ಲ, ನ್ಯಾಯದ್ದೂ ಹೌದು. ಭಾರತ ಸರ್ಕಾರದ ೨೦೧೨ರ ರಾಷ್ಟ್ರೀಯ ದತ್ತಾಂಶ ಹಂಚಿಕೆ ಮತ್ತು ಲಭ್ಯತೆಯ ನೀತಿ, ಸಾರ್ವಜನಿಕ ಅಂಕಿಅಂಶಗಳು ಯಂತ್ರಗಳು ಓದಬಲ್ಲ ರೂಪದಲ್ಲಿ ದೊರೆಯಬೇಕೆಂದು ಹೇಳಿತು. ಅದು ಶ್ಲಾಘ್ಯವಾದ ಹೆಜ್ಜೆ. ಆದರೆ ಓದಬಲ್ಲ ರೂಪ ಬೇರೆ, ಕೇಳಬಲ್ಲ ರೂಪ ಬೇರೆ. ದೊಡ್ಡದೊಂದು ಗಂಟನ್ನು ಕಟ್ಟಿ ‘ಇಗೋ, ಎಲ್ಲವೂ ಇದರಲ್ಲಿದೆ’ ಎಂದು ಕೊಟ್ಟರೆ, ಅದನ್ನು ಬಿಚ್ಚಿ ಹರಡುವಷ್ಟು ದೊಡ್ಡ ಅಂಗಳವುಳ್ಳವನಿಗೆ ಮಾತ್ರ ಅದು ಉಪಯೋಗಕ್ಕೆ ಬರುತ್ತದೆ. ನಗರದ ಸಂಸ್ಥೆಯೊಂದು ಅದನ್ನು ತನ್ನ ಯಂತ್ರಗಳಲ್ಲಿ ಬಿಡಿಸಿ ಉತ್ತರಗಳನ್ನು ಪಡೆಯಬಲ್ಲದು. ತಾಲ್ಲೂಕು ಕೇಂದ್ರದ ಕಾಲೇಜಿನ ವಿದ್ಯಾರ್ಥಿನಿ ತನ್ನ ಊರಿನ ವಿಷಯವಾಗಿ ಒಂದು ಪ್ರಶ್ನೆ ಕೇಳಬೇಕೆಂದಿದ್ದರೆ ಬಾಗಿಲಲ್ಲಿಯೇ ನಿಲ್ಲುತ್ತಾಳೆ. ಅಂಕಿಗಳು ಇಬ್ಬರಿಗೂ ಬಹಿರಂಗವೇ. ಉತ್ತರ ಮಾತ್ರ ಒಬ್ಬರಿಗೆ.

೨೦೨೫ರ ಜೂನ್ ತಿಂಗಳ ಅಧಿಸೂಚನೆಯಂತೆ ೨೦೧೧ರ ಅನಂತರದ ಜನಗಣತಿಗೆ ೨೦೨೭ರ ಮಾರ್ಚ್ ೧ನೆಯ ದಿನವನ್ನು ದೇಶದ ಬಹುಭಾಗಕ್ಕೆ ಗೊತ್ತುಮಾಡಲಾಯಿತು. ಕಾಗದದ ನಮೂನೆಗಳಿಗೆ ಬದಲಾಗಿ ಯಂತ್ರಗಳಲ್ಲಿಯೇ ವಿವರಗಳನ್ನು ದಾಖಲಿಸುವುದು ಈ ಗಣತಿಯ ವೈಶಿಷ್ಟ್ಯ. ಇಂತಹ ಸಂಗ್ರಹಗಳ ಕೋಷ್ಟಕಗಳನ್ನು ಪ್ರಕಟಿಸುವವರು ಮೂರು ಕೆಲಸಗಳನ್ನು ಮಾಡಬೇಕು. ಕೋಷ್ಟಕಗಳನ್ನು ಕಂಬಸಾಲುಗಳಾಗಿ ಬರೆದು, ಯಾವ ಕ್ರಮದಲ್ಲಿ ಜೋಡಿಸಿದೆಯೆಂಬುದನ್ನು ಸ್ಪಷ್ಟವಾಗಿ ತಿಳಿಸಬೇಕು. ಕ್ರಮಾಂಕಗಳ ಪಟ್ಟಿಯನ್ನು ಕನ್ನಡವೂ ಸೇರಿ ದೇಶದ ಎಲ್ಲ ನುಡಿಗಳಲ್ಲಿ ಜೊತೆಗೆ ಕೊಡಬೇಕು. ಹೆಸರು ಒಂದೇ ಕಡೆ ಇರುವುದರಿಂದ ಇದಕ್ಕೆ ತಗಲುವ ವೆಚ್ಚ ಅತ್ಯಲ್ಪ. ಪ್ರತಿಯೊಂದು ತುಂಡಿಗೂ ಅದರ ಸಾರಾಂಶದ ಮೈಲಿಗಲ್ಲನ್ನು ನೆಟ್ಟು, ದೂರದಲ್ಲಿದ್ದವರು ಬೇಕಾದ ತುಂಡನ್ನಷ್ಟೇ ತರಿಸಿಕೊಳ್ಳುವಂತೆ ಮಾಡಬೇಕು. ಇದಕ್ಕೆ ಹೊಸ ಸಂಶೋಧನೆ ಬೇಕಾಗಿಲ್ಲ, ಸಾಧನಗಳೆಲ್ಲ ಸಿದ್ಧವಾಗಿವೆ.

ಒಂದು ಎಚ್ಚರಿಕೆಯೂ ಅಗತ್ಯ. ಕೇಳುವುದು ಸುಲಭವಾದಷ್ಟೂ ಕೆದಕುವುದೂ ಸುಲಭ. ಊರೊಂದರಲ್ಲಿ ಒಂದು ನುಡಿಯನ್ನಾಡುವವರು ಒಬ್ಬರೇ ಇದ್ದರೆ, ‘ಒಂದು’ ಎಂಬ ಉತ್ತರವೇ ಆ ವ್ಯಕ್ತಿಯತ್ತ ಬೆರಳು ತೋರಿಸುತ್ತದೆ. ಆದುದರಿಂದ ತೀರ ಚಿಕ್ಕ ಗುಂಪುಗಳ ಲೆಕ್ಕವನ್ನು ದೊಡ್ಡ ಗುಂಪಿನಲ್ಲಿ ಸೇರಿಸಿ ಕೊಡುವುದೇ ಸರಿ. ಕಣಜಕ್ಕೆ ಕಿಂಡಿ ಇರಬೇಕು. ಕಿಂಡಿಗೆ ಬಿರಡೆಯೂ ಇರಬೇಕು.

ತರುಣ ವಾಚಕರಿಗೆ ಒಂದು ಮಾತು. ಇಲ್ಲಿ ಹೇಳಿದುದರಲ್ಲಿ ಕೂಡುವುದು, ಕಳೆಯುವುದು, ಕ್ರಮವಾಗಿ ಜೋಡಿಸುವುದು, ಇಷ್ಟನ್ನು ಬಿಟ್ಟು ಬೇರೆ ಗಣಿತವಿಲ್ಲ. ನಿಮ್ಮ ಶಾಲೆಯ ಹಾಜರಿ ಪುಸ್ತಕವನ್ನೋ ಊರಿನ ಮಳೆಯ ಲೆಕ್ಕವನ್ನೋ ತೆಗೆದುಕೊಂಡು ಇದನ್ನು ಕಾಗದದ ಮೇಲೆಯೇ ಮಾಡಿ ನೋಡಬಹುದು. ಯಾವ ಪ್ರಶ್ನೆಗಳು ಹೆಚ್ಚಾಗಿ ಬರುತ್ತವೆಯೆಂಬುದನ್ನು ಮೊದಲು ಯೋಚಿಸಿ, ಅದಕ್ಕೆ ತಕ್ಕಂತೆ ಸಾಲುಗಳನ್ನು ಜೋಡಿಸಿರಿ. ಹಾಗೆ ಮಾಡಿದಾಗ ಪುಸ್ತಕ ತೆಳುವಾಗುವುದನ್ನೂ, ಉತ್ತರ ಬೇಗ ಸಿಗುವುದನ್ನೂ ನೀವೇ ಕಾಣುವಿರಿ. ಮುಂದೆ ನಿಮ್ಮಲ್ಲಿ ಯಾರಾದರೂ ನಾಡಿನ ದಾಖಲೆಗಳನ್ನು ಕಾಯುವ ಹುದ್ದೆಗೆ ಬಂದಾಗ, ‘ಇದನ್ನು ಎಷ್ಟು ಚಿಕ್ಕದಾಗಿ ಇಡಬಹುದು?’ ಎಂದು ಕೇಳುವುದರ ಜೊತೆಗೆ, ‘ಇದನ್ನು ಯಾರು, ಏನೆಂದು ಕೇಳುವರು?’ ಎಂಬುದನ್ನೂ ಕೇಳಿಕೊಳ್ಳಿರಿ.